ಹೌಜಿನಿಂದ ಗಾಜಿಗೆ

ಹೆಸರಿನಲ್ಲಿಯೇ ಮಠವೂ ಕಲ್ಲೂ ಜೊತೆಗೂಡಿರುವ, ಒಂದು ಕಿವಿಯಲ್ಲಿ ಕನ್ನಡವನ್ನೂ ಇನ್ನೊಂದರಲ್ಲಿ ತೆಲುಗನ್ನೂ ಕೇಳುತ್ತ ಬೆಳೆದ ಗುರುಮಠಕಲ್ಲಿನಂಥ ಗಡಿಯೂರಿನಲ್ಲಿ ಹಳೆಯ ಮನೆಯೆಂದರೆ ಅದರ ಹಿತ್ತಿಲಲ್ಲೊಂದು ಹೌಜು ಇರತಕ್ಕದ್ದೇ. ಸೇಡಂ, ಶಹಾಬಾದುಗಳ ಕಡೆಯ ಪರಸಿಗಲ್ಲುಗಳನ್ನು ನಾಲ್ಕು ಬದಿಗೂ ನಿಲ್ಲಿಸಿ, ಸಂದುಗಳನ್ನು ಗಾರೆಯಿಂದಲೋ ಸಿಮೆಂಟಿನಿಂದಲೋ ಬೆಸೆದು, ಮೇಲೆ ಅರೆಮುಚ್ಚಳವಾಗಿ ಮತ್ತೊಂದು ಕಲ್ಲನ್ನು ಹೊದಿಸಿದ ಆ ಸೊಂಟದೆತ್ತರದ ಜಲಾಗಾರವು, ನೀರು ಬಂದ ದಿನ ತುಂಬಿ, ಬಾರದ ದಿನಗಳಲ್ಲಿ ಮೆಲ್ಲಮೆಲ್ಲನೆ ಇಳಿದು, ವೈಶಾಖದ ಉರಿಯಲ್ಲಿ ತಳವನ್ನೇ ತೋರಿಸಿ, ಮನೆಯ ಹೆಂಗಸರ ಸಹನೆಯನ್ನು ವರ್ಷವಿಡೀ ಅಳೆಯುತ್ತಿತ್ತು. ಮರಿಹಾಕುವ ಮೀನನ್ನು ನಾನು ಮೊಟ್ಟಮೊದಲು ಕಂಡದ್ದು ಇಂಥದೊಂದು ಹೌಜಿನಲ್ಲಿ. ಗಾಜಿನ ಪೆಟ್ಟಿಗೆ, ಬಣ್ಣದ ಹರಳು, ಗುಳ್ಳೆಯೆಬ್ಬಿಸುವ ಪಂಪು ಇವೆಲ್ಲ ನಮ್ಮ ಅನುಭವಕ್ಕೆ ಬಂದುದು ಬಹು ಕಾಲದ ಮೇಲೆ.

ಆ ಮೀನುಗಳನ್ನು ತಂದವರು ಆರೋಗ್ಯ ಇಲಾಖೆಯ ನೌಕರರೊಬ್ಬರು. ಅವರ ಕೈಯಲ್ಲಿದ್ದ ಬಕೀಟಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಬೂದಿಬಣ್ಣದ, ನೋಡಿದರೆ ಯಾವ ವಿಶೇಷವೂ ತೋರದ ಹತ್ತಾರು ಜೀವಗಳು ತಿರುಗುತ್ತಿದ್ದವು. ಈರುಳ್ಳಿಯನ್ನೂ ಸೋಮವಾರ ಮುಟ್ಟದ ನಮ್ಮ ಆಯಿ ಬಾಗಿಲಿಗೆ ಅಡ್ಡ ನಿಂತು, "ಕುಡಿಯೋ ನೀರಾಗ ಮೀನಾ ಬಿಡ್ತೀರೇನ್ರೀ? ನಮ್ಮ ಮನ್ಯಾಗ ಇಂಥಾದ್ದು ನಡ್ಯಾಂಗಿಲ್ಲ" ಎಂದಳು. ಆ ನೌಕರರಾದರೋ ಇಂಥ ಬಾಗಿಲುಗಳನ್ನು ಅನೇಕ ಕಂಡವರಾಗಿರಬೇಕು; ನಗುತ್ತಲೇ, "ಆಯಿ, ಇವು ತಿನ್ನೂ ಮೀನಲ್ಲ, ಗುಂಗಾಡದ ಹುಳಾ ತಿನ್ನೂ ಮೀನಾ" ಎಂದರು. ಸೊಳ್ಳೆಯನ್ನು ಗುಂಗಾಡವೆನ್ನುವ ಆ ಸೀಮೆಯಲ್ಲಿ ಇದಕ್ಕಿಂತ ಬಲವಾದ ತರ್ಕ ಬೇರೆ ಬೇಕಿರಲಿಲ್ಲ. ಕುಡಿಯುವ ನೀರಿನ ಹಂಡೆಯನ್ನು ಬಿಟ್ಟು ಬಳಕೆಯ ಹೌಜಿಗೆ ಮಾತ್ರ ಅವುಗಳನ್ನು ಬಿಡತಕ್ಕದ್ದೆಂಬ ಒಪ್ಪಂದವಾಯಿತು.

ನಮ್ಮ ಸೀಮೆಯ ಮನೆಗಳಲ್ಲಿ ಮೀನು ಸಾಕುವ ಹವ್ಯಾಸದ ಚರಿತ್ರೆಯನ್ನು ಬರೆಯಹೊರಟವನು ಈ ಬಕೀಟನ್ನು ಮರೆಯಲಾಗದು. ಪಶ್ಚಿಮದಲ್ಲಿ ಅಕ್ವೇರಿಯಮ್ಮೆಂಬುದು ದಿವಾನಖಾನೆಯ ಶೃಂಗಾರವಾಗಿ ಹುಟ್ಟಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಗಾಜಿನ ಮನೆ ತೆರೆದ ಮೇಲೆ, ಮರುವರ್ಷ ಫಿಲಿಪ್ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು ಅದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದ ಮೇಲೆ, ಅಲ್ಲಿಯ ಶ್ರೀಮಂತರ ಮನೆಗಳಲ್ಲಿ ಅದೊಂದು ಹುಚ್ಚಾಗಿಯೇ ಹಬ್ಬಿತು. ನಮ್ಮಲ್ಲಿಗಾದರೆ ಮರಿಹಾಕುವ ಮೀನು ಬಂದದ್ದು ಆಳಾಗಿ. ಹೆಗಲ ಮೇಲೆ ಕೆಲಸವನ್ನು ಹೊತ್ತುಕೊಂಡೇ ಬಂತು, ಅತಿಥಿಯ ಮರ್ಯಾದೆ ಅದಕ್ಕೆ ಆಮೇಲೆ ದೊರೆಯಿತು.

ಇಷ್ಟು ಹೇಳಿದೊಡನೆ, ಈ ನಾಡಿಗೆ ಮೀನಿನ ಪರಿಚಯವೇ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಗುರುಮಠಕಲ್ಲು, ಶಹಾಪುರ, ಸುರಪುರಗಳನ್ನೆಲ್ಲ ಒಂದು ಕಾಲಕ್ಕೆ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ, ಅಭಿಲಷಿತಾರ್ಥ ಚಿಂತಾಮಣಿಯೆಂದೂ ಹೆಸರಾದ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶದಲ್ಲಿ, ಆನೆ ಕುದುರೆ ಅಡುಗೆ ಸಂಗೀತಗಳ ಜೊತೆಗೆ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಉಂಟು. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಪೊರೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂಬುದನ್ನು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರವನ್ನು ಎಲ್ಲಿ ಹಾಕಿ ರೂಢಿಮಾಡಿಸಬೇಕೆಂಬುದನ್ನು, ಎಳ್ಳಿನ ಉಂಡೆ, ಹುರಿದ ಕಡಲೆಯ ಹಿಟ್ಟುಗಳವರೆಗೆ ಆ ಅರಸನು ವಿವರಿಸಿರುವ ಪರಿಯನ್ನು ಕಂಡರೆ, ಸಿಂಹಾಸನದ ಮೇಲೆ ಕಳೆದ ಹೊತ್ತಿಗಿಂತ ನೀರಿನ ದಡದಲ್ಲಿ ಕಳೆದ ಹೊತ್ತೇ ಹೆಚ್ಚೋ ಏನೋ ಎಂಬ ಸಂಶಯ ಹುಟ್ಟುತ್ತದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣದತ್ತ ವಿಜ್ಞಾನಿಗಳ ಗಮನವನ್ನು ಸೆಳೆದರು. ಆದರೆ ಅರಸನ ವಿನೋದದ ಕೊನೆಯಲ್ಲಿ ಗಾಳವಿತ್ತು. ಮೀನಿಗೆ ಉಣಿಸಿ ಸುಮ್ಮನೆ ನೋಡುವ ಸುಖವನ್ನು ನಮ್ಮ ಜನ ದೇವಾಲಯಗಳ ಕಲ್ಯಾಣಿಗಳಲ್ಲಿ, ಶೃಂಗೇರಿಯ ತುಂಗೆಯಂಥ ತೀರ್ಥಗಳಲ್ಲಿ, ಒಂದು ಹಿಡಿ ಚುರುಮುರಿಯ ಬೆಲೆಗೆ ಪಡೆಯುತ್ತಿದ್ದರು. ಆ ಮೀನುಗಳೆಲ್ಲವೂ ತತ್ತಿಯಿಡುವ ಜಾತಿಯವು. ನೀರಿನೊಳಗೆ ಮರಿಯನ್ನು ಈಯುವ ಈ ಕಿರುಮೀನು ಮಾತ್ರ ಸಂಪೂರ್ಣ ಪರದೇಶಿ.

ಇದು ಬಂದ ದಾರಿಯನ್ನು ಹಿಡಿದು ಹೋಗುವವನು ಮೊದಲು ಜ್ವರದ ದಾರಿಯನ್ನು ಹಿಡಿಯಬೇಕು. 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಬಾಲಕನಾಗಿದ್ದ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ರಸ್ತೆಗಳನ್ನು ಹಾಕಿಸಿದನು, ಕೆರೆಗಳನ್ನು ದುರಸ್ತಿ ಮಾಡಿಸಿದನು. ನಾಯಕ ಅರಸರ ಕಾಲದ ಬೋನಾಳದ ಕೆರೆಯನ್ನು ಜೀರ್ಣೋದ್ಧಾರ ಮಾಡಿಸಿ, ಅದರ ದಡದ ತಂಗಾಳಿಯನ್ನು ಮನಸಾರೆ ಮೆಚ್ಚಿಕೊಂಡನು. ಆತನ ಆತ್ಮಕಥೆಯನ್ನು ಓದುವವರಿಗೆ ಪದೇ ಪದೇ ಎದುರಾಗುವುದು ಆತನನ್ನು ಕಾಡಿದ ಜ್ವರ. ಆ ಕಾಲದ ವೈದ್ಯರ ಮತದಂತೆ ಅಂಥ ಜ್ವರಕ್ಕೆ ಕಾರಣ ಕೆಟ್ಟ ಗಾಳಿ. ಮಲೇರಿಯ ಎಂಬ ಇಟಲಿಯ ಮಾತಿಗೆ ಅರ್ಥವೂ ಅದೇ. ಟೇಲರನು ಸುರಪುರವನ್ನು ಬಿಟ್ಟು ನಾಲ್ವತ್ತನಾಲ್ಕು ವರ್ಷಗಳಾದ ಮೇಲೆ, ಹೈದರಾಬಾದಿನ ನಿಜಾಮನ ಸೀಮೆಯ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಸೊಳ್ಳೆಯ ಜಠರದಲ್ಲಿ ಮಲೇರಿಯದ ಜೀವಾಣುವನ್ನು ಕಂಡನು. ಗಾಳಿಯ ಮೇಲಿನ ಅಪವಾದ ಅಂದಿಗೆ ಕಳಚಿಬಿದ್ದು ನೀರಿನ ಮೇಲೆ ಬಂತು; ಕೆರೆ, ಕುಂಟೆ, ಬಾವಿಗಳ ಜೊತೆಗೆ ನಮ್ಮ ಹಿತ್ತಿಲ ನಿರಪರಾಧಿ ಹೌಜೂ ಆರೋಪಿಗಳ ಸಾಲಿನಲ್ಲಿ ನಿಲ್ಲಬೇಕಾಯಿತು.

ನೀರನ್ನು ಬತ್ತಿಸುವಂತಿಲ್ಲ, ಅದರಲ್ಲಿ ಎಣ್ಣೆ ಸುರಿದರೆ ಬಳಸುವಂತಿಲ್ಲ. ಹೀಗಿರಲು ನೀರನ್ನು ನೀರಾಗಿಯೇ ಉಳಿಸಿ ಅದರೊಳಗಿನ ಹುಳವನ್ನು ತಿಂದು ತೆಗೆಯುವ ಪ್ರಾಣಿಯೊಂದು ಬೇಕೆಂದು ಜಗತ್ತಿನ ವೈದ್ಯರೆಲ್ಲ ಹುಡುಕತೊಡಗಿದಾಗ ಅವರ ಕಣ್ಣಿಗೆ ಬಿದ್ದುದು ಅಮೆರಿಕದ ದಕ್ಷಿಣ ಪ್ರಾಂತಗಳ ಹಳ್ಳಗಳಲ್ಲಿದ್ದ ಗಾಂಬೂಸಿಯ. ಈ ಹೆಸರಿನ ಹುಟ್ಟು ಸೊಗಸಾಗಿದೆ. 1854ರಲ್ಲಿ ಈ ಕುಲಕ್ಕೆ ಹೆಸರಿಟ್ಟ ಕ್ಯೂಬಾ ದೇಶದ ಫೆಲಿಪೆ ಪೋಯೆಯು, ತನ್ನ ನಾಡಿನಲ್ಲಿ ಬರಿಗೈಯಲ್ಲಿ ಮರಳಿದ ಮೀನುಗಾರನನ್ನು 'ಗಂಬುಸಿನೋ ಹಿಡಿದು ಬಂದ' ಎಂದು ಜನ ಹಾಸ್ಯ ಮಾಡುವುದನ್ನು ನೆನೆದು, ಏನೂ ಅಲ್ಲದ್ದು ಎಂಬರ್ಥದ ಆ ಮಾತನ್ನೇ ಈ ಅಲ್ಪಜೀವಿಗೆ ಕಟ್ಟಿದನು. ಆ 'ಏನೂ ಅಲ್ಲದ್ದು' 1905ರಲ್ಲಿ ಹವಾಯಿ ದ್ವೀಪಗಳಿಗೆ, 1921ರಲ್ಲಿ ಸ್ಪೇನಿಗೆ, 1922ರಲ್ಲಿ ಇಟಲಿಗೆ ದಾಟಿ, 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ತರಿಸಿದವರು ವೈದ್ಯರಾದ ಬಿ. ಎ. ರಾವ್ ಅವರು. ಕಾಯಿಲೆಯ ಹೆಸರು ಬಂದ ದೇಶದಿಂದಲೇ ಅದರ ಮದ್ದಿನ ಮೀನೂ ಬಂದಂತಾಯಿತು.

ಆ ಹೊತ್ತಿಗೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನದಲ್ಲಿ ಮಲೇರಿಯದ ಅಧ್ಯಯನವು ಬಿರುಸಾಗಿ ನಡೆಯುತ್ತಿತ್ತು. ಸ್ವೀಟ್ ಎಂಬ ಅಮೆರಿಕದ ವೈದ್ಯರೂ ಇದೇ ರಾವ್ ಅವರೂ ಸೇರಿ, ಸ್ಟೀಫೆನ್ಸಿ ಎಂಬ ಸೊಳ್ಳೆಯ ತತ್ತಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅವುಗಳ ಮೇಲಿನ ಗೆರೆಗಳನ್ನು ಒಂದೊಂದಾಗಿ ಎಣಿಸಿ, ಅದರಲ್ಲಿ ಎರಡು ಬಗೆಯುಂಟೆಂದು 1937ರಲ್ಲಿ ತೋರಿಸಿಕೊಟ್ಟು, ಒಂದಕ್ಕೆ ಮೈಸೂರಿನ ಹೆಸರನ್ನೇ ಇಟ್ಟರು. ಸೊಳ್ಳೆಯೊಂದರ ಮೂಲಕ ಸಂಸ್ಥಾನದ ಕೀರ್ತಿ ದಿಗಂತಕ್ಕೆ ಹಬ್ಬಿದುದನ್ನು ಕುರಿತು ಅರಮನೆಯವರು ಏನೆಂದುಕೊಂಡರೋ! ನಮಗೆ ಪ್ರಕೃತವಾದ ಸಂಗತಿಯೇನೆಂದರೆ, ಈ ಸ್ಟೀಫೆನ್ಸಿಯು ಗದ್ದೆ ಕೆಸರುಗಳಿಗಿಂತ ಮನುಷ್ಯನ ಮನೆಯ ಬಾವಿಯನ್ನೂ ತೊಟ್ಟಿಯನ್ನೂ ಪ್ರೀತಿಸುವ ಸೊಳ್ಳೆ. ಹೌಜು ಅದಕ್ಕೆ ತವರುಮನೆ.

ಬೆಂಗಳೂರಿನ ಈ ಮೀನಿಗೂ ಗುರುಮಠಕಲ್ಲಿಗೂ ನಡುವೆ ಆಗ ಒಂದು ರಾಜ್ಯದ ಗಡಿಯಿತ್ತು. ನಮ್ಮ ಸೀಮೆಯು 1948ರ ಸೆಪ್ಟೆಂಬರಿನವರೆಗೆ ನಿಜಾಮನದಾಗಿದ್ದು, 1956ರ ನವೆಂಬರ್ 1ರಂದು ಮೈಸೂರಿನೊಡನೆ ಒಂದಾಯಿತಷ್ಟೆ. ಅಷ್ಟರಲ್ಲಿ ಮೀನಿನ ಯೋಗವೇ ತಿರುಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ, ಡಿಡಿಟಿಯ ಬಿಳಿಯ ಪುಡಿಯ ದ್ರಾವಣವನ್ನು ಮನೆಮನೆಯ ಗೋಡೆಗೂ ಎರಚಿ, 1961ರ ಹೊತ್ತಿಗೆ ದೇಶದಲ್ಲಿ ರೋಗಿಗಳ ಸಂಖ್ಯೆಯು ಸುಮಾರು 50 ಸಾವಿರಕ್ಕೆ ಇಳಿದಾಗ, ಮೀನನ್ನು ಬಕೀಟಿನಲ್ಲಿ ಹೊತ್ತು ತಿರುಗುವ ಕಸುಬು ಯಾರಿಗೆ ಬೇಕು? ಆದರೆ ಸೊಳ್ಳೆಯು ಪುಡಿಗೆ ಹೊಂದಿಕೊಂಡಿತು. 1976ರಲ್ಲಿ ರೋಗಿಗಳ ಲೆಕ್ಕ 64 ಲಕ್ಷವನ್ನು ಮೀರಿತು. ಬಡವರ ಬಂಧುವಾದ ಮೀನನ್ನು ಇಲಾಖೆಗಳು ಆ ಮೇಲೆ ಮತ್ತೆ ಜ್ಞಾಪಿಸಿಕೊಂಡವು.

ಇದರ ನಡುವೆ ಇನ್ನೊಂದು ಕಥೆಯನ್ನು ಹೇಳದೆ ಮುಂದೆ ಹೋದರೆ ನಮ್ಮ ಬಾವಿಗಳಿಗೆ ಅನ್ಯಾಯವಾದೀತು. ಸೇದುವ ಬಾವಿಗಿಂತ ಇಳಿಯುವ ಬಾವಿ, ಅಂದರೆ ಪಾವಟಿಗೆಗಳುಳ್ಳ ಬಾವಿ, ಈ ಕಲ್ಲಿನ ಸೀಮೆಯಲ್ಲಿ ಹೇರಳ. ಕೊಡವನ್ನು ಹೊತ್ತವಳು ಪಾವಟಿಗೆಗಳನ್ನಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಕಾಲು ತೊಳೆದ ನೀರನ್ನೇ ಕೊಡಕ್ಕೆ ತುಂಬಿಕೊಳ್ಳುವ ಆ ಪದ್ಧತಿಯಿಂದ ನಾರುಹುಣ್ಣೆಂಬ ಘೋರ ವ್ಯಾಧಿಯು ಹಬ್ಬಿ, ಕಲಬುರಗಿ, ರಾಯಚೂರು, ವಿಜಯಪುರಗಳ ಹಳ್ಳಿಗಳಲ್ಲಿ ಬಿತ್ತನೆಯ ಕಾಲಕ್ಕೆ ರೈತನನ್ನು ಮೂಲೆಗೆ ಕೂರಿಸುತ್ತಿತ್ತು. ಮೊಳದುದ್ದಕ್ಕೂ ಮೀರಿ ಬೆಳೆದ ಹುಳವು ಕಾಲಿನ ಹುಣ್ಣಿನಿಂದ ತಲೆ ಹೊರಗೆ ಹಾಕಿದಾಗ, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಹೊರಕ್ಕೆಳೆಯುವುದೊಂದೇ ಚಿಕಿತ್ಸೆ. ಅವಸರಪಟ್ಟು ಎಳೆದು ಹರಿದರೆ ಕಾಲೇ ಹೋದೀತು. ಆ ಹುಳದ ಮರಿಗಳನ್ನು ಹೊತ್ತು ಮನುಷ್ಯನ ಹೊಟ್ಟೆಗೆ ಮುಟ್ಟಿಸುವುದು ಸೈಕ್ಲಾಪ್ಸ್ ಎಂಬ ಚುಕ್ಕಿಯಂಥ ಜಲಜಂತು. ಚಿತ್ರದುರ್ಗ ಸೀಮೆಯಲ್ಲಿ ಈ ರೋಗವನ್ನು ಅಧ್ಯಯನ ಮಾಡಿದ ವಿ. ಎನ್. ಮೂರ್ತಿ ಅವರೂ ಮೇಲೆ ಹೇಳಿದ ಸ್ವೀಟ್ ಅವರೂ, ಬಾವಿಗೆ ಕಿರುಮೀನುಗಳನ್ನು ಬಿಟ್ಟು ಆ ಜಂತುವನ್ನೇ ತಿನ್ನಿಸುವ ಉಪಾಯವನ್ನು 1936ರಲ್ಲಿ ಪ್ರಕಟಿಸಿದರು. 1980ರ ದಶಕದ ರಾಷ್ಟ್ರೀಯ ಕಾರ್ಯಕ್ರಮವು ಮುಖ್ಯವಾಗಿ ನಂಬಿದ್ದು ಸೋಸುವ ಬಟ್ಟೆಯನ್ನು, ಔಷಧವನ್ನು, ಪಾವಟಿಗೆಗಳನ್ನು ಮುಚ್ಚುವ ಗೌಂಡಿಯನ್ನು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ದೇಶದ ಕೊನೆಯ ರೋಗಿ ಕಂಡು, 2000ದಲ್ಲಿ ಭಾರತವು ಈ ವ್ಯಾಧಿಯಿಂದ ಮುಕ್ತವೆಂದು ಘೋಷಿತವಾಯಿತು. ಈ ವಿಜಯದಲ್ಲಿ ಮೀನಿನ ಪಾಲು ಅಲ್ಪವೇ. ಆದರೆ ಬಾವಿಯಲ್ಲಿ ಮೀನಿದ್ದರೆ ನೀರು ಕೆಡುವುದೆಂಬ ಜನರ ಹಳೆಯ ಶಂಕೆಯನ್ನು ಸಡಿಲಿಸಿದವರಲ್ಲಿ ಈ ವೈದ್ಯರನ್ನು ಎಣಿಸಬೇಕು.

ನಮ್ಮ ಹೌಜಿಗೆ ಬಂದುದು ಗಾಂಬೂಸಿಯವಲ್ಲ, ಅದರ ದಾಯಾದಿಯಾದ ಗಪ್ಪಿ. 1859ರಲ್ಲಿ ವೆನೆಜುವೆಲಾದ ಮಾದರಿಗಳನ್ನು ನೋಡಿ ಪೀಟರ್ಸ್ ಎಂಬ ಜರ್ಮನ್ ವಿದ್ವಾಂಸನು ಇದಕ್ಕೆ ಹೆಸರಿಟ್ಟಿದ್ದನು. ಅದನ್ನರಿಯದೆ 1866ರಲ್ಲಿ, ಟ್ರಿನಿಡಾಡ್ ದ್ವೀಪದಿಂದ ಲೆಚ್ಮಿಯರ್ ಗಪ್ಪಿ ಎಂಬಾತನು ಕಳುಹಿಸಿದ ಮೀನುಗಳನ್ನು ಕಂಡು, ಲಂಡನ್ನಿನ ಗುಂತರನು ಆತನ ಗೌರವಾರ್ಥ ಇನ್ನೊಂದು ಹೆಸರನ್ನು ಕೊಟ್ಟನು. ಶಾಸ್ತ್ರವು ಮೊದಲನೆಯದನ್ನು ಉಳಿಸಿಕೊಂಡಿತು, ಲೋಕವು ಎರಡನೆಯದನ್ನು. ಶಾಲೆಗಳ ತನಿಖೆ ಮಾಡಿಕೊಂಡಿದ್ದ ಆ ದ್ವೀಪವಾಸಿಯ ಮನೆತನದ ಹೆಸರನ್ನು ಇಂದು ನಮ್ಮ ಆಶಾ ಕಾರ್ಯಕರ್ತೆಯರು ಓಣಿಓಣಿಯಲ್ಲಿ ಉಚ್ಚರಿಸುತ್ತಾರೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯುರೋಪಿನ ಹವ್ಯಾಸಿಗಳ ಕೈಗೂ ಅದೇ ಕಾಲದ ಆಸುಪಾಸಿನಲ್ಲಿ ಭಾರತಕ್ಕೂ ಬಂದ ಈ ಮೀನು, 1920ರಲ್ಲಿ ಕೋಪನ್‌ಹೇಗನ್ನಿನ ಯೋಹಾನೆಸ್ ಸ್ಮಿಟ್ಟನ ಪ್ರಯೋಗಗಳಿಂದ ವಿಜ್ಞಾನದಲ್ಲಿಯೂ ಹೆಸರು ಪಡೆಯಿತು: ಗಂಡಿನ ಬೆನ್ನುರೆಕ್ಕೆಯ ಕಪ್ಪು ಚುಕ್ಕೆಯೊಂದು ತಂದೆಯಿಂದ ಮಗನಿಗೆ ಮಾತ್ರ, ಎಂದಿಗೂ ಮಗಳಿಗಲ್ಲ, ಇಳಿಯುವುದೆಂದು ಆತನು ತೋರಿಸಿದನು. ಮೀನು ಸಾಕುವವರು ತಮ್ಮ ತೊಟ್ಟಿಗಳಲ್ಲಿ ಕಂಡು ಬೆರಗಾಗುತ್ತಿದ್ದ ವಿಷಯಕ್ಕೆ ಹೀಗೆ ಶಾಸ್ತ್ರದ ಮುದ್ರೆ ಬಿತ್ತು.

ಕರ್ನಾಟಕದಲ್ಲಿ ಗಪ್ಪಿಗೆ ದೊಡ್ಡ ಗೌರವ ದೊರೆತುದು 1990ರ ದಶಕದಲ್ಲಿ. ಬೆಂಗಳೂರಿನಲ್ಲಿದ್ದ ಮಲೇರಿಯ ಸಂಶೋಧಕರು ಕೋಲಾರ ಸೀಮೆಯ ಕಾಮಸಮುದ್ರದ ಸುತ್ತಣ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿಯನ್ನೂ ಕೆರೆಕುಂಟೆಗಳಿಗೆ ಗಾಂಬೂಸಿಯವನ್ನೂ ಬಿಟ್ಟು ಜ್ವರವು ಇಳಿದುದನ್ನು ಕಂಡರು. 2006ರಲ್ಲಿ ಚಿಕುನ್‌ಗುನ್ಯವು ಕೀಲುಕೀಲುಗಳನ್ನು ಹಿಂಡಿದಾಗ, ಆ ಬಳಿಕ ಡೆಂಗಿಯು ವರ್ಷವರ್ಷವೂ ಬರತೊಡಗಿದಾಗ, ಮನೆಯ ತೊಟ್ಟಿಯ ಮಹತ್ವವು ಇನ್ನೂ ಹೆಚ್ಚಿತು. ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಸಿಮೆಂಟಿನ ತೊಟ್ಟಿಯೊಂದನ್ನು ಕಟ್ಟಿ ಲಾರ್ವಾಹಾರಿ ಮೀನಿನ ಬೀಜವನ್ನು ಅಲ್ಲಿ ಕಾದಿಡುವುದು ಇಂದು ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ ನೋಟ.

ಗಪ್ಪಿಯ ಸಂಸಾರವನ್ನು ಹತ್ತಿರದಿಂದ ನೋಡಿದವರಿಗೆ ಅದು ಲೋಕವನ್ನೆಲ್ಲ ಆಕ್ರಮಿಸಿದುದು ಆಶ್ಚರ್ಯವೆನಿಸದು. ಗಂಡು ಒಂದು ಅಂಗುಲವನ್ನು ಮೀರುವುದು ಅಪರೂಪ, ಬಣ್ಣವೆಲ್ಲ ಅವನದೇ. ಹೆಣ್ಣು ಅವನ ಎರಡರಷ್ಟು, ಬಣ್ಣವಿಲ್ಲದವಳು. ಗಂಡಿನ ಹೊಟ್ಟೆಯಡಿಯ ರೆಕ್ಕೆಯೊಂದು ನಾಳವಾಗಿ ಮಾರ್ಪಟ್ಟು ವೀರ್ಯವನ್ನು ಹೆಣ್ಣಿನೊಳಕ್ಕೆ ಸೇರಿಸುತ್ತದೆ. ಆ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಕಾದಿಟ್ಟುಕೊಂಡು, ಗಂಡಿನ ಮುಖವನ್ನು ಮತ್ತೆ ನೋಡದೆಯೇ, ಸುಮಾರು ನಾಲ್ಕು ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಮರಿಗಳನ್ನು ಹಡೆಯಬಲ್ಲಳು. ಬಕೀಟಿನಲ್ಲಿ ಉಳಿದ ಒಂಟಿ ಹೆಣ್ಣೊಂದು ಬಾವಿಯನ್ನೇ ತುಂಬಬಲ್ಲುದು. ಇದಕ್ಕೆ ನಮ್ಮ ಸೀಮೆಯ ನೀರೂ ಅನುಕೂಲ. ಬೇಳೆ ಬೇಯದೆಂದೂ ಸಾಬೂನು ನೊರೆಯದೆಂದೂ ಗೃಹಿಣಿಯರು ಶಪಿಸುವ ಗಡಸು ನೀರನ್ನು, ಸುಣ್ಣಗಲ್ಲಿನ ಪರಸಿಯ ಗೋಡೆಗಳ ನಡುವೆ ನಿಂತ ನೀರನ್ನು, ಗಪ್ಪಿ ಮೊಲ್ಲಿಗಳು ಅಮೃತದಂತೆ ಭಾವಿಸುತ್ತವೆ. ಮೆದು ನೀರಿನ ಮಲೆನಾಡಿನಲ್ಲಿ ಮೊಲ್ಲಿಗಾಗಿ ನೀರಿಗೆ ಉಪ್ಪು ಬೆರೆಸುವವರಿದ್ದಾರೆ. ನಮ್ಮಲ್ಲಿ ಕೊಳವೆಬಾವಿಯೇ ಆ ಕೆಲಸವನ್ನು ಮಾಡಿಕೊಟ್ಟಿದೆ. ಅವಕ್ಕೆ ಶತ್ರುವೆಂದರೆ ಬಿಸಿಲು. ಅರೆಮುಚ್ಚಳದ ಕಲ್ಲಿನ ನೆರಳಿಲ್ಲದೆ ಹೋಗಿದ್ದರೆ ನಮ್ಮ ಯಾದಗಿರಿ ಜಿಲ್ಲೆಯ ಮೇ ತಿಂಗಳನ್ನು ಅವು ದಾಟುತ್ತಿರಲಿಲ್ಲ.

ಹೌಜಿನಿಂದ ಗಾಜಿಗೆ ಇವು ಏರಿದುದರಲ್ಲಿ ತಂತ್ರದ ಪಾತ್ರವೂ ಇದೆ. ಹಿಂದೆ ಗಾಜಿನ ತೊಟ್ಟಿಯೆಂದರೆ ಕಬ್ಬಿಣದ ಚೌಕಟ್ಟು, ಅಂಚಿಗೆ ಲಪ್ಪ, ತುಕ್ಕು, ಸೋರಿಕೆ, ಮತ್ತು ಇವೆಲ್ಲಕ್ಕೂ ತಕ್ಕ ದುಬಾರಿ ಬೆಲೆ. ಸಿಲಿಕೋನ್ ಅಂಟು ಬಂದ ಮೇಲೆ ಐದು ಗಾಜುಗಳನ್ನು ಅಂಟಿಸಬಲ್ಲ ಯಾವ ಕುಶಲಿಯೂ ತೊಟ್ಟಿಯನ್ನು ಮಾಡಬಲ್ಲವನಾದನು. 1909ರಲ್ಲಿ ಮದರಾಸಿನ ಕಡಲ ದಡದಲ್ಲಿಯೂ, 1983ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ತೆರೆದ ಮತ್ಸ್ಯಾಲಯಗಳನ್ನು ಕಂಡು ಬಂದವರು ಊರಿನಲ್ಲಿ ವರ್ಣಿಸುತ್ತಿದ್ದುದು ಹೋಗಿ, ಚೆನ್ನೈಯ ಕೊಳತ್ತೂರಿನಂಥ ಮೀನಿನ ಪೇಟೆಗಳಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಪ್ಲಾಟಿ, ಮೊಲ್ಲಿ, ಕತ್ತಿಬಾಲದ ಮೀನುಗಳು ಜಿಲ್ಲಾ ಕೇಂದ್ರದ ಅಂಗಡಿಗಳಿಗೇ ಬರತೊಡಗಿದವು. ನವಿಲಿನಂತೆ ಬಾಲ ಬೀಸುವ ಅಂಗಡಿಯ ಗಪ್ಪಿಯನ್ನೂ ಹೌಜಿನ ಗಪ್ಪಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದೇ ಕುಲದವೆಂದು ನಂಬುವುದು ಕಷ್ಟ. ನನ್ನ ಪಕ್ಷಪಾತ ಬೂದಿಬಣ್ಣದ್ದರ ಕಡೆಗೇ.

ಆ ಪಕ್ಷಪಾತದ ನಡುವೆಯೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಹೌಜಿನಲ್ಲಿ ಒಳ್ಳೆಯ ಆಳಾದುದು ಕೆರೆಯಲ್ಲಿ ಒಳ್ಳೆಯ ನೆರೆಯವನಾಗದು. ಗಾಂಬೂಸಿಯವು ಅನ್ಯಮೀನುಗಳ ತತ್ತಿಯನ್ನು ತಿಂದು, ರೆಕ್ಕೆಗಳನ್ನು ಕಚ್ಚಿ, ನೀರೆಲ್ಲವನ್ನೂ ತನ್ನದಾಗಿಸಿಕೊಳ್ಳುವುದರಿಂದ ಲೋಕದ ನೂರು ಕೇಡಿನ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ಹಣೆಯ ಮೇಲೆ ಬೆಳ್ಳಿಯ ಚುಕ್ಕೆಯನ್ನಿಟ್ಟುಕೊಂಡು ನೀರಿನ ಮೇಲ್ಪದರದಲ್ಲಿಯೇ ಚರಿಸುವ ನಮ್ಮ ದೇಶೀಯ ಕಿರುಮೀನೂ ಸೊಳ್ಳೆಯ ಹುಳವನ್ನು ತಿನ್ನುವುದರಲ್ಲಿ ಹಿಂದುಳಿದುದಲ್ಲ. ಇಟಲಿಗೆ ಹೋಗುವ ಮೊದಲು ಅದರತ್ತ ನೋಡಿದ್ದರೆ ಚೆನ್ನಾಗಿತ್ತು. ತೊಟ್ಟಿಯ ಮೀನು ಬೇಸರವಾಯಿತೆಂದು ಬೋನಾಳದಂಥ ಕೆರೆಗೆ ಬಿಟ್ಟು ಬರುವ ಕರುಣಾಳುಗಳು ಇದನ್ನು ಗಮನಿಸಬೇಕು.

ಹೌಜಿಗೆ ಮೀನು ಬಂದ ಮೂರನೆಯ ವಾರವೋ ನಾಲ್ಕನೆಯ ವಾರವೋ, ಆಯಿ ತಂಬಿಗೆಯಲ್ಲಿ ನೀರು ಮೊಗೆಯುವಾಗ ಅದರೊಳಗೆ ಕಣ್ಣು ಮಾತ್ರವಾಗಿದ್ದ ಎರಡು ಮರಿಗಳು ಬಂದವು. ತತ್ತಿಯಿಡದೆ ಮರಿ ಹಾಕುವ ಮೀನೆಂದು ತಿಳಿದ ಕ್ಷಣದಿಂದ ಅವಳ ದೃಷ್ಟಿಯಲ್ಲಿ ಅದು ಮೀನೆಂಬ ಜಾತಿಯಿಂದ ಹೊರಬಂದು ಆಕಳು ಆಡುಗಳ ಪಂಕ್ತಿಗೆ ಸೇರಿತು. ಮುಂದಿನ ಸಲ ಹೊಟ್ಟೆ ಬಿರಿಯುವಂತಿದ್ದ ಹೆಣ್ಣೊಂದನ್ನು ನಾನು ಹಿಡಿದಾಗ, "ಬಸುರಿ ಅದ, ಅದಕ್ಕ ಬ್ಯಾರೆ ಇಡು" ಎಂದು, ಮಾವಿನಕಾಯಿ ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ಬೂದಿ ಹಚ್ಚಿ ಮೂರು ಸಲ ತೊಳೆದು ತಾನೇ ತಂದುಕೊಟ್ಟಳು. ಹಳ್ಳದಿಂದ ಕಿತ್ತು ತಂದ ಜಲಸಸ್ಯದ ಎರಡು ಎಳೆಗಳೊಡನೆ ಆ ಭರಣಿಯು ಅಡುಗೆಮನೆಯ ಕಿಟಕಿಯಲ್ಲಿ ಕುಳಿತಿತು. ನಮ್ಮ ಮನೆಯ ಮೊದಲ ಅಕ್ವೇರಿಯಂ ಅದೇ. ಸಂಜೆ ಎಣಿಸಿದಾಗ ಮರಿಗಳು 26 ಇದ್ದವು, ಬೆಳಿಗ್ಗೆ 19. ತಾಯಿಯೇ ತಿಂದಳೆಂದು ನಾನು ಹೇಳಿದ್ದನ್ನು ಆಯಿ ಒಪ್ಪಲಿಲ್ಲ. ಕನ್ನಡಕವನ್ನು ಸೆರಗಿನಿಂದ ಒರೆಸಿ, ಭರಣಿಯನ್ನು ಬೆಳಕಿನ ಕಡೆಗೆ ತಿರುಗಿಸಿ, ಅವಳು ಮೊದಲಿನಿಂದ ಎಣಿಸತೊಡಗಿದಳು.